ರೈಟರ್ ವೀರಯ್ಯನವರು ಕಂಪ್ಯೂಟರುಗಳ ಹಾಜರಿ ಹಿಡಿದದ್ದು

ಮಗ್ಗೆಯಲ್ಲಿ ವೀರಯ್ಯನವರ ಮನೆ ಯಾವುದೆಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ರೈಟ್ರ ಮನೆ ಎಂದರೆ ಸಾಕು, ಎಮ್ಮೆ ಹೊಡೆದುಕೊಂಡು ಹೋಗುವವರೂ ಕೋಲು ಚಾಚಿ ತೋರಿಸುತ್ತಾರೆ. ಹೆತ್ತೂರು ಕಡೆಯ ಒಂದು ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವರು ಅವರು. ದಿನಾ ಬೆಳಗ್ಗೆ ಕೂಲಿಯಾಳುಗಳ ಲೈನುಮನೆಗಳ ಮುಂದೆ ನಿಂತು ಹೆಸರು ಕೂಗಿ, ಬಂದವರಿಗೆ ಗುರುತು ಹಾಕಿ, ಯಾರು ಯಾವ ತಾಕಿಗೆ ಎಂದು ಹಂಚಿ ಕಳಿಸುವುದು ಅವರ ಕೆಲಸವಾಗಿತ್ತು. ಓದಿದ್ದು ಎಸ್‌ಎಸ್‌ಎಲ್‌ಸಿ. ಈಗ ಅರವತ್ತಮೂರನೇ ವಯಸ್ಸಿನಲ್ಲಿ ಅವರು ಹಾಜರಿ ಹಿಡಿಯುತ್ತಿರುವುದು ಕಂಪ್ಯೂಟರುಗಳದ್ದು.

ಅದು ಹೀಗೆ. ಬೆಳೆಗಾರರ ಸಂಘದವರು ಆನೆ ಸುದ್ದಿ ಎಂಬ ಏರ್ಪಾಟು ಮಾಡಿಕೊಂಡಿದ್ದರು. ಕಾಡಾನೆ ಎಲ್ಲಿ ನಿಂತಿದೆಯೆಂದು ಕಾವಲಿನವರು ಫೋನಿನಲ್ಲಿ ಬರೆದರೆ ಸುತ್ತಲಿನ ಸಾವಿರದ ನೂರು ಫೋನಿಗೆ ಮೆಸೇಜು ಹೋಗುತ್ತದೆ. ಅದನ್ನು ನಡೆಸುವುದು ಎಲ್ಲೋ ದೂರದಲ್ಲಿರುವ ಆರು ಯಂತ್ರಗಳ ಗುಂಪು. ಅದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಒಂದೊಂದು ಕೆಲಸವನ್ನೂ ಅದಕ್ಕೆ ಬೇಕಾದ ಸಾಮಾನು ಸಮೇತ ಒಂದೊಂದು ಡಬ್ಬಿಯಲ್ಲಿ ಕಟ್ಟಿಟ್ಟಿರುತ್ತಾರೆ, ಅದು ಕಂಟೇನರ್. ಯಾವ ಡಬ್ಬಿ ಯಾವ ಯಂತ್ರದ ಮೇಲೆ ಎಂದು ಹಂಚುವುದು, ಒಂದು ಬಿದ್ದರೆ ಇನ್ನೊಂದನ್ನು ಎಬ್ಬಿಸುವುದು, ಎಲ್ಲ ಕ್ಲಸ್ಟರಿನದೇ ಕೆಲಸ. ಇದರ ಮೇಲೆ ಕಣ್ಣಿಡಲು ಊರಿನಲ್ಲೇ ಒಬ್ಬರು ಬೇಕೆಂದು ಸಂಘದವರು ವೀರಯ್ಯನವರಿಗೆ ಒಪ್ಪಿಸಿದರು. ಮೊದಲ ಸಲ ಇದನ್ನು ಕೇಳಿದಾಗ ಅವರಿಗೆ ನಗು ಬಂತು.

"ಇದು ಮೇಸ್ತ್ರಿ ಕೆಲ್ಸ ಅಲ್ವೇನಪ್ಪಾ? ನಾನು ಇಡೀ ಜೀವಮಾನ ನೋಡಿರೋದೇ ಇದನ್ನ!"

ಕಲಿಸುವವರು ಯಾರೂ ಇರಲಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಬರೀ ಅಕ್ಷರ ಬರೆಯುವ ಒಂದು ಎಡಿಟರ್ ಇತ್ತು. ಅದರ ಹೊಟ್ಟೆಯೊಳಗೇ ಪಾಠವೂ ಇತ್ತು. ತೊಡೆಯ ಮೇಲೆ ಡಿಕ್ಷನರಿ ಇಟ್ಟುಕೊಂಡು ನಾಲ್ಕು ತಿಂಗಳು ಕೂತರು. ಕೀಬೋರ್ಡಿನ ಮೂಲೆಯ ಕೀಲಿ ಒತ್ತಿ ಒತ್ತಿ ಎಡಗೈ ಕಿರುಬೆರಳು ಊದಿಕೊಂಡಿತು. ಹೆಂಡತಿ ಇಂದ್ರಮ್ಮ ಹರಳೆಣ್ಣೆ ಕಾಸಿ ತಿಕ್ಕುತ್ತಾ, "ಗುದ್ಲಿ ಹಿಡ್ದಾಗ್ಲೂ ಹಿಂಗೆ ಊದಿರ್ಲಿಲ್ಲ ಬುಡಿ" ಎಂದು ಅಣಕಿಸುತ್ತಿದ್ದರು. ಆಮೇಲೆ ಗೊತ್ತಾಯಿತು, ಆ ಎಡಿಟರಿನೊಳಗೇ ಕೂತು ಕ್ಲಸ್ಟರನ್ನೂ ನೋಡಬಹುದೆಂದು. ಒಂದು ಕೀಲಿ ಒತ್ತಿದರೆ ಎಲ್ಲ ಕೆಲಸಗಳ ಪಟ್ಟಿ ಹಾಳೆಯಂತೆ ತೆರೆದುಕೊಳ್ಳುತ್ತದೆ. ಒಂದು ಸಾಲಿನ ಮೇಲೆ ನಿಂತು ಇನ್ನೊಂದು ಒತ್ತಿದರೆ ಅದು ಏನು ಗೊಣಗುತ್ತಿದೆಯೆಂದು ಕಾಣುತ್ತದೆ. ಮತ್ತೊಂದು ಒತ್ತಿದರೆ ಅದಕ್ಕೆ ಕೊಟ್ಟಿರುವ ಅಪ್ಪಣೆಯೇ ಎದುರಿಗೆ ಬರುತ್ತದೆ; ಅಲ್ಲೇ ತಿದ್ದಬಹುದು.

ಹಳೆಯ ರೈಟರಿಗೆ ಕಣ್ಣಿಗೆ ಬಿದ್ದ ಪಟ್ಟಿಯನ್ನು ಎತ್ತಿಡದಿದ್ದರೆ ಅನ್ನ ಇಳಿಯುವುದಿಲ್ಲ. ದಿನಾ ಬೆಳಗ್ಗೆ ಪಟ್ಟಿಯನ್ನೂ ಅಪ್ಪಣೆಗಳನ್ನೂ ಹಾಗ್ಹಾಗೇ ನಕಲು ಮಾಡಿ, ಮೇಲೆ ತಾರೀಖು ಹಾಕಿ, ಹಾಜರಿ ಎಂದು ಹೆಸರಿಟ್ಟು ಉಳಿಸುತ್ತಿದ್ದರು. ಸಂಘಕ್ಕೆ ಹಾಸನದಿಂದ ಕೆಲಸ ಮಾಡಿಕೊಡುವ ಎಂಜಿನಿಯರ್ ಪ್ರದೀಪ್ ಇದನ್ನು ಕಂಡು ನಕ್ಕಿದ್ದ. "ವೀರಯ್ಯನೋರೆ, ಬಣ್ಣಬಣ್ಣದ ಪೇಜ್ ಮಾಡ್ಕೊಟ್ಟಿದೀನಿ, ಹಸಿರು ಕೆಂಪು ನೋಡಿದ್ರೆ ಸಾಕು. ದಿನಾ ನಕಲು ಹೊಡೆಯೋಕೆ ಇದೇನ್ ಕಾಪಿ ಪುಸ್ತಕನಾ?"

ಕಳೆದ ಜನವರಿ. ಕಾಫಿ ಹಣ್ಣು ಕುಯ್ಲಿನ ಭರಾಟೆ. ಬೆಳಗ್ಗೆ ಆರೂವರೆಗೆ ಕಾವಲಿನ ನಂಜುಂಡ ಫೋನ್ ಮಾಡಿದ.

"ರೈಟ್ರೇ, ಐದು ಆನೆ ಕೆರೆ ಏರಿ ಕೆಳಗೆ ನಿಂತವೆ ಕಣ್ರೀ. ಮರಿ ಬೇರೆ ಐತೆ. ಬರ್ದು ಕಳ್ಸಿ ಹತ್ತು ನಿಮ್ಷ ಆತು, ನನ್ ಫೋನಿಗೇ ಮೆಸೇಜ್ ಬಂದಿಲ್ಲ!"

ವೀರಯ್ಯನವರು ಗಡಿಯಾರ ನೋಡಿದರು. ಏಳೂವರೆಗೆ ಹಣ್ಣು ಕುಯ್ಯುವ ದೇವೀರಮ್ಮನ ಗುಂಪು ಚೀಲ ಹೆಗಲಿಗೆ ಹಾಕಿ ಅದೇ ಏರಿ ಹತ್ತುತ್ತದೆ. ಹನ್ನೆರಡು ಹೆಂಗಸರು. ಅವರಷ್ಟೇ ಅಲ್ಲ, ಆ ದಾರಿಯಲ್ಲಿ ಕೆಲಸಕ್ಕೆ ಹೋಗುವವರು ಮೂರು ಊರಿನವರಿದ್ದಾರೆ. ಎಷ್ಟು ಜನಕ್ಕೆಂದು ಫೋನ್ ಮಾಡುವುದು?

"ಇವ್ಳೇ, ಹಳೇ ನಂಬರ್ ಬುಕ್ ತಗಾ. ದೇವೀರಮ್ಮನಿಂದ ಶುರು ಮಾಡು, ಒಬ್ಬೊಬ್ರಿಗೇ ಮಾಡ್ತಾ ಹೋಗು" ಎಂದವರೇ ಲ್ಯಾಪ್‌ಟಾಪ್ ತೆರೆದರು.

ಪಟ್ಟಿಯಲ್ಲಿ ಎಲ್ಲ ಸಾಲೂ ನೆಟ್ಟಗಿತ್ತು. ಮೆಸೇಜು ಕಳಿಸುವ ಸಾಲು ಮಾತ್ರ ಎದ್ದು ಬಿದ್ದು, ಎದ್ದು ಬಿದ್ದು ನಾಲ್ಕು ಸಲವಾಗಿತ್ತು. ಪ್ರದೀಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಕೆಂಪು ಕಾಣಿಸ್ತಿದೆ ಸಾರ್. ಐದು ಸಲ ಅದನ್ನ ಅಳಿಸಿದೆ. ಹೊಸದು ಬರುತ್ತೆ, ಅದೂ ಬಿದ್ದೋಗುತ್ತೆ. ಇನ್ನೊಂದ್ಸಲ ಅಳಿಸ್ತೀನಿ."

"ಅಳಿಸ್ಬೇಡ ತಡಿ ಮಾರಾಯ! ಒಳ್ಳೇ ಆಳು ಬಂದು ಬಂದು ವಾಪಸ್ ಹೋಗ್ತಾವ್ನೆ ಅಂದ್ರೆ ಅವನ ಹೆಸ್ರು ಹೊಡ್ದಾಕ್ತೀಯೇನೋ? ಅವನ ಕೈಗೆ ನಾವೇನು ಕೊಟ್ಟಿದೀವಿ ಅಂತ ನೋಡು ಮೊದ್ಲು."

ಎಸ್ಟೇಟಿನಲ್ಲಿ ಅವರು ಕಲಿತದ್ದೇ ಅದು. ಒಮ್ಮೆ ಗಟ್ಟಿ ಆಳೊಬ್ಬ ಮೂರು ದಿನ ಅರ್ಧಕ್ಕೇ ಎದ್ದು ಹೋಗಿದ್ದ. ಸೋಮಾರಿಯೆಂದು ಮೇಸ್ತ್ರಿ ಕೂಗಾಡಿದ. ಹೋಗಿ ನೋಡಿದರೆ ಅವನಿಗೆ ಕೊಟ್ಟ ಏಣಿಯ ಮೆಟ್ಟಿಲೇ ಮುರಿದಿತ್ತು.

ಇಂದಿನ ಅಪ್ಪಣೆಯನ್ನು ಪರದೆಯ ಎಡಕ್ಕೆ ತೆರೆದರು, ನಿನ್ನೆ ಬೆಳಗಿನ ಹಾಜರಿಯನ್ನು ಬಲಕ್ಕೆ. ಬೆರಳಿಟ್ಟುಕೊಂಡು ಸಾಲುಸಾಲೇ ಇಳಿದರು. ಪಕ್ಕದಲ್ಲಿ ಇಂದ್ರಮ್ಮನ ದನಿ: "ಲೇ ಈರಮ್ಮ, ಏರಿ ಕಡಿಕೆ ಹೋಗ್ಬ್ಯಾಡ್ರೇ... ದೇವೀರಮ್ಮ ಎತ್ತುತ್ತಾನೇ ಇಲ್ಲ ಕಣ್ರೀ, ಒಲೆ ಮುಂದೆ ಅವ್ಳೇನೋ."

ಗೋಡೆ ಗಡಿಯಾರದಲ್ಲಿ ಏಳು ಹತ್ತು.

ಇಪ್ಪತ್ತೆಂಟನೇ ಸಾಲಿಗೆ ಬೆರಳು ನಿಂತಿತು. ನಿನ್ನೆ ಆ ಕೆಲಸಕ್ಕೆ ಕೊಟ್ಟಿದ್ದ ಮೆಮೊರಿ ಐನೂರ ಹನ್ನೆರಡು ಎಂಬಿ. ಇವತ್ತು ಅರವತ್ತನಾಲ್ಕು.

"ಪ್ರದೀಪಪ್ಪಾ, ನಿನ್ನೆ ಸಂಜೆ ಏನಾರ ಮುಟ್ಟಿದ್ಯಾ?"

"ಅಯ್ಯೋ... ಎಲ್ಲಾ ಕೆಲ್ಸಕ್ಕೂ ಒಂದೇ ಅಳತೆ ಇಟ್ಬಿಟ್ಟೆ ಸಾರ್. ಸಂಜೆ ಸರಿಯಾಗೇ ಇತ್ತಲ್ಲ!"

"ಸಂಜೆ ಯಾರಿಗೆ ಮೆಸೇಜ್ ಹೋಗ್ಬೇಕಿತ್ತು? ಈಗ ಸಾವಿರದ ನೂರು ಹೆಸ್ರು ಒಟ್ಗೇ ಎತ್ಕೊಳಕ್ಕೆ ಹೋಗಿ ಉಸ್ರುಗಟ್ಟಿ ಬೀಳ್ತೈತೆ. ಮಗೀನ ತಲೆ ಮೇಲೆ ಮೂಟೆ ಹೊರ್ಸಿದೀಯ ಕಣೋ."

ಮಾತಾಡುತ್ತಲೇ ಅರವತ್ತನಾಲ್ಕನ್ನು ಅಳಿಸಿ ಐನೂರ ಹನ್ನೆರಡು ಬರೆದರು. ಉಳಿಸಿದರು. ನಿಜವಾಗಿಯೂ ಕಳಿಸಲೇ ಎಂದು ಎಡಿಟರ್ ಕೇಳಿತು. ಹೂಂ ಎಂದು ಒತ್ತಿದರು. ಪಟ್ಟಿಗೆ ಮರಳಿದರೆ ಹಳೆಯ ಸಾಲು ಮಾಯವಾಗಿ ಹೊಸದೊಂದು ಎದ್ದಿತ್ತು. ಅದರ ಎದುರಿಗೆ, ಎಷ್ಟು ಸಲ ಬಿತ್ತೆಂಬ ಲೆಕ್ಕ ಸೊನ್ನೆ. ಅದನ್ನೇ ನೋಡುತ್ತಾ ಕೂತರು. ಇಪ್ಪತ್ತು ಸೆಕೆಂಡ್. ನಲವತ್ತು. ಸೊನ್ನೆ ಸೊನ್ನೆಯಾಗಿಯೇ ನಿಂತಿತು.

ಟಿಣ್ ಎಂದಿತು ಇಂದ್ರಮ್ಮನ ಕೈಯಲ್ಲಿದ್ದ ಫೋನು. ಆಗಲೇ ಮೂವತ್ತೆಂಟನೇ ಮನೆಗೆ ಫೋನ್ ಹಚ್ಚುತ್ತಿದ್ದರು. "ಬಂತು ಕಣ್ರೀ! ಐದು ಆನೆ, ಕೆರೆ ಏರಿ ಅಂತ ಬಂತು! ಸದ್ಯ, ನನ್ ಗಂಟ್ಲು ಉಳೀತು."

ಏಳು ಹದಿನಾರು.

ಎಂಟಕ್ಕೆ ದೇವೀರಮ್ಮನೇ ಫೋನ್ ಮಾಡಿದಳು. ದನಿಯಲ್ಲಿ ನಡುಕವೂ ಇತ್ತು, ನಗುವೂ ಇತ್ತು. "ರೈಟ್ರೇ, ಇನ್ನೇನ್ ಲೈನ್ ಗೇಟ್ ದಾಟಿದ್ವಿ, ಎಲ್ಲಾರ ಸೊಂಟದಾಗೂ ಒಂದೇ ಸಲ ಟಿಣ್ ಟಿಣ್ ಅಂತು. ಅಲ್ಲೇ ನಿಂತ್ಬುಟ್ವಿ. ನಾವು ನೋಡ್ನೋಡ್ತಿದ್ದಂಗೆ ಐದೂ ಏರಿ ಮೇಲೆ ಸಾಲಾಗಿ ಹೋದ್ವು. ಮರಿ ಹಿಂದ್ಗಡೆ ತಾಯಿ. ನಮ್ಗೆ ಕೈ ಮುಗ್ಯೋದೂ ನೆಪ್ಪಾಗ್ಲಿಲ್ಲ."

"ಹನ್ನೆರಡೂ ಜನ ಅವ್ರೇನಮ್ಮಾ?"

"ಹನ್ನೆರಡೂ ಅವ್ರೆ. ಕೂಗ್ತೀರೇನು ಹೆಸ್ರು, ಹಳೇ ಕಾಲ್ದಂಗೆ?"

ವೀರಯ್ಯನವರು ಬಿಡಲಿಲ್ಲ. ಒಬ್ಬೊಬ್ಬರ ಹೆಸರನ್ನೂ ಕೂಗಿಯೇ ಕೂಗಿದರು. ಆ ತುದಿಯಿಂದ ಒಬ್ಬೊಬ್ಬರೂ ನಗುತ್ತಾ ಓಗೊಟ್ಟರು.

ಮುಂದಿನ ಭಾನುವಾರ ಪ್ರದೀಪ್ ಹಾಸನದಿಂದ ಬಸ್ಸು ಹತ್ತಿ ಮಗ್ಗೆಗೆ ಬಂದ. ಜಗಲಿಯಲ್ಲಿ ಲ್ಯಾಪ್‌ಟಾಪ್ ತೆಗೆದು, "ಆ ಎಡಿಟರ್ ನಂಗೂ ಹೇಳ್ಕೊಡಿ ಸಾರ್" ಎಂದ. ವೀರಯ್ಯನವರು ಮೀಸೆ ಸವರಿಕೊಂಡು ಒಳಗೆ ಕೂಗಿದರು: "ಇವ್ಳೇ, ಹರಳೆಣ್ಣೆ ಕಾಸು. ಇನ್ನೊಂದು ಕಿರುಬೆರಳು ಬಂದೈತೆ."