ಕಣ್ಣು ತೆರೆದು ಮಾಡಿದ ಪ್ರಾರ್ಥನೆ

ಎಂಬತ್ತಮೂರನೆಯ ಇಸವಿ, ಡಿಸೆಂಬರಿನ ಮೊದಲ ವಾರ. ಬಾದಾಮಿಯಲ್ಲಿ ಬೆಳಗಿನ ಏಳು ಗಂಟೆಯ ಬಸ್ಸು ಹಿಡಿದೆ. ಕೆಂಪು ಬಂಡೆಗಳ ಮೇಲೆ ಬಿಸಿಲು ಬಿದ್ದಿದ್ದರೂ ಬಸ್ಸಿನೊಳಗೆ ಥಂಡಿ ಇತ್ತು. ಇಳಕಲ್ಲಿಗೆ ಹೋಗಿ ದಾನೇಲಪ್ಪ ಎಂಬ ನೇಕಾರನ ಕ್ಷಮೆ ಕೇಳಬೇಕಿತ್ತು. ಮೂರು ಕಾರ್ಡು ಬರೆದಿದ್ದೆ, ಒಂದಕ್ಕೂ ಉತ್ತರವಿಲ್ಲ. ಒಳಗೆ ಕರೆಯುತ್ತಾನೋ, ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾನೋ ಗೊತ್ತಿರಲಿಲ್ಲ.

ತಪ್ಪು ಹನ್ನೊಂದು ವರ್ಷ ಹಳೆಯದು. ಆಗ ನಾನು ಬಾಗಲಕೋಟೆಯಲ್ಲಿ ಗುಮಾಸ್ತ, ಅಲ್ಲಿನ ಕ್ರೈಸ್ತ ಸಭೆಯ ಹಿರಿಯ. ನನ್ನಷ್ಟು ಉದ್ದವಾಗಿ, ಚಂದವಾಗಿ ಪ್ರಾರ್ಥನೆ ಮಾಡುವವರಿಲ್ಲ ಎಂದು ಜನ ಹೇಳುತ್ತಿದ್ದರು. ಅದು ತಲೆಗೇರಿತ್ತು. ಒಂದು ಶನಿವಾರ ನಮ್ಮದೇ ಸಭೆಯ ದಾನೇಲಪ್ಪ ಒಬ್ಬನೇ ನನ್ನ ಮನೆಗೆ ಬಂದು, ಕದ್ದು ಕುಡಿಯುತ್ತಿದ್ದೇನೆ ಎಂದು ಒಪ್ಪಿಕೊಂಡು ಅತ್ತ. "ಮನ್ಯಾಗ ಯಾರಿಗೂ ಗೊತ್ತಿಲ್ಲರಿ. ನನ್ನ ಸಲುವಾಗಿ ಪ್ರಾರ್ಥನಿ ಮಾಡ್ರಿ" ಎಂದ. ಮರುದಿನ ಆರಾಧನೆಯಲ್ಲಿ, ಎಲ್ಲರೂ ಕಣ್ಣು ಮುಚ್ಚಿ ನಿಂತಾಗ, ನಾನು ಅವನ ಹೆಸರು ಹಿಡಿದು ಅವನ ಕುಡಿತವನ್ನು ದೇವರಿಗೆ ಗಟ್ಟಿಯಾಗಿ ವರದಿ ಮಾಡಿದೆ. ದೇವರಿಗೆ ಮೊದಲೇ ಗೊತ್ತಿತ್ತು. ಹೊಸದಾಗಿ ತಿಳಿದದ್ದು ಜನರಿಗೆ, ಹೆಂಗಸರ ಸಾಲಿನಲ್ಲಿದ್ದ ಅವನ ಹೆಂಡತಿ ರಾಹೇಲವ್ವನಿಗೆ, ಹತ್ತು ವರ್ಷದ ಮಗಳಿಗೆ. ಆಗ ನಾನು ಒಂದು ಕಣ್ಣು ತೆರೆದಿದ್ದೆ. ನನ್ನ ಮಾತು ಹೇಗೆ ನಾಟುತ್ತಿದೆ ಎಂದು ನೋಡುತ್ತಿದ್ದೆ. ತಿಂಗಳೊಳಗೆ ಅವರು ರಾಹೇಲವ್ವನ ತವರು ಇಳಕಲ್ಲಿಗೆ ಹೋಗಿಬಿಟ್ಟರು.

ಈಗ ನಿವೃತ್ತ. ಬಾದಾಮಿಯಲ್ಲಿದ್ದೇನೆ. ಪ್ರಾರ್ಥನೆಗೆ ಮೊಣಕಾಲೂರಿದರೆ ಆ ದಿನದ ನನ್ನದೇ ದನಿ ಕೇಳಿಸುತ್ತದೆ. ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ ಹಂಚುತ್ತ ಬಂದರೆ, ನಾನು ಅದಕ್ಕೆ ಯೋಗ್ಯನಲ್ಲ ಎಂದು ಮುಟ್ಟದೆ ಪಕ್ಕದವರಿಗೆ ದಾಟಿಸುತ್ತೇನೆ.

ಬಾಗಲಕೋಟೆಯಲ್ಲಿ ಮುಕ್ಕಾಲು ಗಂಟೆ ಕಾದು ಹುನಗುಂದದ ಬಸ್ಸು ಹತ್ತಿದೆ. ಚರ್ಚಿನ ಕಡೆ ಹೋಗಲಿಲ್ಲ. ಪರಿಚಯದವರು ಸಿಕ್ಕಾರೆಂಬ ಭಯ. ಪಕ್ಕದಲ್ಲಿ ಕಂಬಳಿ ಹೊದ್ದ ಕುರುಬರ ಮುದುಕ ಕೂತ. ದಾನೇಲಪ್ಪನಿಗೆ ಹೇಳಬೇಕಾದುದನ್ನು ನಾನು ಬಾಯೊಳಗೇ ಜೋಡಿಸಿಕೊಳ್ಳುತ್ತಿದ್ದೆ.

"ಏನ್ರಿ ಯಜಮಾನ್ರ, ಒಂದ ಸಮನ ಮಣಮಣ ಅನ್ನಾಕತ್ತೀರಿ! ಹುನಗುಂದ ಕೋರ್ಟಿನ್ಯಾಗ ಸಾಕ್ಷಿ ಹೇಳಾಕೇನು?"

"ಒಬ್ಬರ ಹತ್ರ ತಪ್ಪಾತು ಅನ್ನಬೇಕಾಗೇತಿ."

"ಅದಕ್ಕ ಇಷ್ಟುದ್ದ ಮಾತ ಯಾಕ ಬೇಕ್ರಿ? ಅಂವಾ ಕೇಳಿ ಕೇಳಿ ನಿದ್ದಿ ಹೋದಾನು!" ಎಂದು ಮುದುಕ ಬೊಚ್ಚು ಬಾಯಿ ತೆರೆದು ನಕ್ಕ.

ಅಮೀನಗಡದಲ್ಲಿ ಬಸ್ಸು ನಿಂತಾಗ ಒಂದು ಪೊಟ್ಟಣ ಕರದಂಟು ಕೊಂಡೆ. ಹುನಗುಂದದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಅದೇ ಭಾರವಾಯಿತು. ಸಿಹಿ ಕೊಟ್ಟು ಬಾಯಿ ಮುಚ್ಚಿಸಲು ಬಂದ ಅಂದರೆ? ಹಿಂದಿನ ಬಸ್ಸಿಗೇ ಮರಳಿಬಿಡಲೇ ಎನ್ನಿಸಿತು. ಕಂಡಕ್ಟರು "ಹತ್ರಿ ಅಜ್ಜಾರ, ಇಳಕಲ್ಲಿಗೆ ಇದ ಗಾಡಿ" ಎಂದು ಕೈ ಹಿಡಿದು ಹತ್ತಿಸಿದ.

ಇಳಕಲ್ಲಿನ ಓಣಿಯಲ್ಲಿ ಎರಡೂ ಕಡೆ ಮಗ್ಗದ ಸದ್ದು. ದಾನೇಲಪ್ಪ ಕುಣಿಮಗ್ಗದ ಮುಂದೆ, ನೆಲ ಅಗೆದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದ. ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸ, ನಡುವೆ ಏಳುವಂತಿಲ್ಲ. ತಲೆ ಎತ್ತಿ ನೋಡಿದ, ಗುರುತು ಹಿಡಿದ, ಮತ್ತೆ ಎಳೆಗೆ ಬಾಗಿದ. ನಿಂತಲ್ಲಿಂದ ನನಗೆ ಕಾಣುತ್ತಿದ್ದುದು ಅವನ ನೆತ್ತಿ ಮಾತ್ರ. ಅವನ ಮುಖ ನೋಡಬೇಕಾದರೆ ನೆಲಕ್ಕೆ ಕೂಡಬೇಕಿತ್ತು. ಮೊಣಕಾಲು ನೋಯುತ್ತಿದ್ದರೂ ಕೂತೆ.

ಜೋಡಿಸಿದ ಮಾತೆಲ್ಲ ಮರೆತಿತ್ತು. "ದಾನೇಲಪ್ಪ, ಆವತ್ತು ನಾ ಕಣ್ಣ ತೆರದಿದ್ದೆ" ಎಂದೆ.

"ಗೊತ್ತೈತ್ರಿ," ಎಂದ, ಎಳೆ ಬಿಡದೆ. "ನಾನೂ ತೆರದಿದ್ದೆ. ನೀವು ನನ್ನ ನೋಡಿದ್ದು ನೋಡೇನಿ."

"ತಪ್ಪಾತು."

ಅವನು ಇನ್ನೂ ಹತ್ತಾರು ಎಳೆ ಜೋಡಿಸಿದ. "ಕುಡಿಯೂದ ಬಿಟ್ಟು ಒಂಬತ್ತು ವರ್ಷಾತ್ರಿ. ಉಂಡ ಹೋಗ್ರಿ" ಎಂದ.

ರಾಹೇಲವ್ವ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು. ನನ್ನ ಮುಖ ನೋಡದೆ, "ಹಿರ್ಯಾರು ಪ್ರಾರ್ಥನಿ ಮಾಡ್ರಿ. ರೊಟ್ಟಿ ಆರೂದರಾಗ ಮುಗಸ್ರಿ" ಎಂದಳು.

ಎರಡೂ ಕಣ್ಣು ಮುಚ್ಚಿದೆ. "ತಂದೆಯೇ, ಈ ಮನೆಗೆ ನಾನು ನೋವು ಮಾಡಿದ್ದೇನೆ. ನನ್ನನ್ನು ಕ್ಷಮಿಸು." ಅಷ್ಟೇ ಹೇಳಿ ನಿಲ್ಲಿಸಿದೆ. ದಾನೇಲಪ್ಪ "ಆಮೆನ್" ಎಂದ. ರಾಹೇಲವ್ವನ ದನಿ ಕೇಳಲಿಲ್ಲ. ಅವಳ ಮುಖ ಹೇಗಿದೆಯೋ ನೋಡಬೇಕೆನ್ನಿಸಿತು. ಕಣ್ಣು ಬಿಗಿಹಿಡಿದು ಮುಚ್ಚಿಕೊಂಡೇ ಕೂತೆ. ಕೊನೆಗೆ ದಾನೇಲಪ್ಪನೇ "ಉಣ್ರಿ" ಎಂದ.

ಹೊರಡುವಾಗ ಅವಳು, ಊಟಕ್ಕೆ ಮುಂಚೆ ನಾನು ಕೊಟ್ಟಿದ್ದ ಕರದಂಟಿನ ಪೊಟ್ಟಣ ತಂದು ನನ್ನ ಚೀಲಕ್ಕೇ ತಿರುಗಿ ಹಾಕಿದಳು.

"ಮಗಳು ಕ್ರಿಸ್ಮಸ್ಸಿಗೆ ಗಂಡನ ಮನಿಂದ ಬರ್ತಾಳ್ರಿ. ಆಕಿನೂ ಆವತ್ತ ಅಲ್ಲೇ ನಿಂತಿದ್ಲು. ಆಗ ಬಂದು ಇದನ್ನ ಆಕಿ ಕೈಯಾಗ ಕೊಡ್ರಿ, ಈಗ ಹೇಳಿದ್ದನ್ನ ಆಕಿ ಮುಂದೂ ಹೇಳ್ರಿ. ಆಮ್ಯಾಲ ನಾ ಆಮೆನ್ ಅಂತೇನಿ."

ನಾಲ್ಕರ ಬಸ್ಸು ಇಳಕಲ್ಲು ಬಿಟ್ಟಾಗ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕ್ರಿಸ್ಮಸ್ಸಿಗೆ ಇನ್ನೂ ಮೂರು ವಾರ. ಆ ಹುಡುಗಿಗೆ ಏನು ಹೇಳಬೇಕೆಂದು ಈ ಸಲ ಜೋಡಿಸಲು ಹೋಗಲಿಲ್ಲ.