ಬೂದು ಎಲೆಯ ಇಳಿಜಾರು

ಸಿಂಗಾಪುರದ ಬುವೊನಾ ವಿಸ್ಟಾದಲ್ಲಿದ್ದ ಒಂದು ಗಾಜಿನ ಮನೆಯ ತೋಟದೊಳಗೆ, 2014ರ ಹೊತ್ತಿಗೆ, ಕಾರ್ಕಳದ ವಾರಿಜಾ ಒಣಬೆಟ್ಟದ ಇಳಿಜಾರೊಂದನ್ನೇ ಕಟ್ಟಿ ನಿಲ್ಲಿಸಿದ್ದಳು. ಕಲ್ಲುಮರಳಿನ ನಡುವೆ ಅಮೆರಿಕದ ಒಣನಾಡಿನ ಮೊಣಕಾಲೆತ್ತರದ ಸೇಜ್‌ಬ್ರಷ್ ಗಿಡಗಳು, ಅವುಗಳ ಸುತ್ತ ಗುಂಪುಗುಂಪಾಗಿ ಬೆಳೆದ ಹುಲ್ಲು. ಬೂದು ಎಲೆಯನ್ನು ತಿಕ್ಕಿದರೆ ದವನದ ಹಾಗೆ ಘಮ್ಮೆನ್ನುತ್ತಿತ್ತು. ಅಲ್ಲಿನ ಸೆಕೆಯಲ್ಲಿ ತಣ್ಣನೆಯ ಒಣಗಾಳಿ ಹಾಯಿಸಿ ಅವನ್ನು ಬದುಕಿಸಿಕೊಳ್ಳಲು ಅವಳು ವರ್ಷಗಟ್ಟಲೆ ಒದ್ದಾಡಿದ್ದಳು.

ತಂಗಿಯ ಮದುವೆಗೆ ಊರಿಗೆ ಹೊರಟಾಗ, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಸ್ಪಂದನಾಳಿಗೆ ಹೇಳಿದಳು: "ನೀರು ಮಾತ್ರ ಹಾಕ್ಬೇಡ. ಬೇರು ಕೊಳೆತುಹೋಗುತ್ತೆ."

"ಟೆನ್ಷನ್ ಬೇಡ ವಾರಿಜಕ್ಕ, ನಾನಿದ್ದೀನಲ್ಲ."

ಹಿಂತಿರುಗಿ ಬಂದಾಗ ಮರಳೆಲ್ಲ ಒದ್ದೆ. ಗಿಡಗಳು ಕಪ್ಪಾಗಿ ಮಲಗಿದ್ದವು. ಆ ಜಾಗ ಆಗಲೇ ಸ್ಪಂದನಾಳ ಆರ್ಕಿಡ್‌ಗಳಿಗೆ ಮಂಜೂರಾಗಿತ್ತು.

"ನೀರು ಹಾಕಿದ್ದು ಯಾರು?"

"ನಾನೇ," ಎಂದಳು ಸ್ಪಂದನಾ, ಬೇರೆಲ್ಲೋ ನೋಡುತ್ತ. "ನಾನು ಕೇಳಿದ್ರೆ ನೀವು ಜಾಗ ಬಿಟ್ಕೊಡ್ತಿದ್ರಾ?"

ವಾರಿಜಾಳಿಗೆ ನಂಬಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಮಂಡಿಯೂರಿ ಕೂತು ಸತ್ತ ಗಿಡಗಳನ್ನು ಕೀಳತೊಡಗಿದಳು. ಸ್ಪಂದನಾ ನೆರವಿಗೆ ಬಗ್ಗಿದಳು.

"ನೀನು ಮುಟ್ಬೇಡ," ಎಂದಳು ವಾರಿಜಾ.

ಮುಂದಿನ ತಿಂಗಳೇ ವಾರಿಜಾ ಆ ತೋಟದ ಕೆಲಸ ಬಿಟ್ಟಳು.