ಕಿವಿ ಮೇಸ್ತ್ರಿ ಮತ್ತು ಹಗಲಿನ ಹೆಡ್‌ಲೈಟು

ನಮ್ಮ ಭಾವ ಕೂತಲ್ಲಿ ಕೂರುವವರಲ್ಲ. ಆ ದಿನವಂತೂ ಮಧ್ಯಾಹ್ನದ ಊಟವನ್ನು ನಿಂತೇ ಮುಗಿಸಿ, ಕೈ ತೊಳೆಯುವುದನ್ನೂ ಮರೆತು ಮತ್ತೆ ಟ್ರಕ್ಕಿನ ಕೆಳಗೆ ತೂರಿದರು.

ಶೆಡ್ಡು ನಮ್ಮಿಬ್ಬರದು. ರಿಪೇರಿ ಅವರದು, ಬಾಯಿ ನನ್ನದು. ಗಿರಾಕಿಗಳು ಅವರನ್ನು ಕಿವಿ ಮೇಸ್ತ್ರಿ ಎಂದೇ ಕರೆಯುವುದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್ ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಒಂದು ಗಳಿಗೆ ಕಣ್ಣು ಮುಚ್ಚಿದರೆ ಸಾಕು, ಯಾವ ಬೇರಿಂಗು ಕೈಕೊಟ್ಟಿದೆ ಎಂದು ಹೇಳಿಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಆ ಹೆಸರಿನ ಮೇಲೆಯೇ ನಮ್ಮ ಶೆಡ್ಡು ನಡೆಯುತ್ತಿತ್ತು, ನನ್ನ ಬಾಯಿಯ ಮೇಲಲ್ಲ. ಅದು ನನಗೂ ಗೊತ್ತು.

ಈ ಟ್ರಕ್ಕು ಅವರ ಮಗಳದೇ. ಬೆಟ್ಟದ ಮೇಲೆ ಕಟ್ಟುತ್ತಿರುವ ನೀರಿನ ಟ್ಯಾಂಕಿಗೆ ಸಿಮೆಂಟು, ಕಬ್ಬಿಣ ಸಾಗಿಸುತ್ತಾಳೆ. ನಾಲ್ಕೂ ಚಕ್ರ ಎಳೆಯುವ ಗಾಡಿ. ಆ ಕಡಿದಾದ ಬಂಡೆಗಲ್ಲಿನ ದಾರಿಗೆ ಬೇರೆ ಗಾಡಿ ನಡೆಯದು. ಅಡಿಯಲ್ಲಿ ಏನೋ ಸದ್ದು ಎಂದು ತಂದು ನಿಲ್ಲಿಸಿದ್ದಳು. ಮರುದಿನ ಬೆಳಿಗ್ಗೆ ಲೋಡು ಹೋಗಬೇಕಿತ್ತು. ಅಪ್ಪ ಸರಿ ಎಂದರೆ ಹೋಗುವುದು, ಇಲ್ಲದಿದ್ದರೆ ಇಲ್ಲ.

ಅವಳಿಗೆ ಇತ್ತೀಚೆಗೆ ಒಂದು ಕೆಟ್ಟ ಚಾಳಿ ಅಂಟಿತ್ತು. ಗೇಟಿನ ಹತ್ತಿರ ಬಂದಾಗ ಹಾರ್ನ್ ಹೊಡೆಯುವುದು ಬಿಟ್ಟು, ಹಾಡಹಗಲಲ್ಲಿ ಹೆಡ್‌ಲೈಟ್ ಹಾಕಿ ಆರಿಸುವುದು. ಅವತ್ತೂ ಬಯ್ದೆ.

"ಬ್ಯಾಟರಿ ಏನು ಪುಕ್ಕಟೆ ಬರುತ್ತೇನಮ್ಮ?"

"ಇರ್ಲಿ ಬಿಡು ಮಾವ," ಎಂದು ನಕ್ಕಳು.

ಭಾವ ಶಾಫ್ಟಿನ ಬೋಲ್ಟು ಬಿಗಿ ಮಾಡಿದರು. ಬಿಗಿಯಾಗಿದ್ದನ್ನೇ ಮತ್ತೆ ಬಿಗಿ ಮಾಡಿದರು. ಗ್ರೀಸು ತುಂಬಿದರು. ಮಗಳಿಗೆ ಅಂಗಳದಲ್ಲಿ ಗಾಡಿ ಸುತ್ತಿಸಲು ಹೇಳಿ ತಾವು ಪಕ್ಕದಲ್ಲೇ ಓಡಿದರು, ಬಗ್ಗಿದರು, ಮತ್ತೆ ಓಡಿದರು. ಮೂಲೆಯಲ್ಲಿ ಹಳೇ ಟೈರುಗಳ ಮೇಲೆ ಕೂತಿದ್ದ ನನಗೇ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಮೊದಲು ಕಟಕಟ, ಆಮೇಲೆ ಯಾರೋ ಮುಲುಗಿದ ಹಾಗೆ. ಭಾವ ಮಾತ್ರ ಗಾಡಿ ಬಿಟ್ಟು ನಮ್ಮ ಮುಖ ನೋಡುತ್ತಿದ್ದರು.

ಗಾಡಿ ನಿಂತ ಮೇಲೆ, ಎಂಜಿನ್ ಓಡುತ್ತಿರುವಾಗಲೇ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದರು. ಹಿಡಿಯನ್ನು ಒಂದು ಕಿವಿಗೆ ಇಟ್ಟರು. ಇನ್ನೊಂದಕ್ಕೆ ಇಟ್ಟರು. ಆಮೇಲೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಅದನ್ನು ಹಲ್ಲಿನಲ್ಲಿ ಕಚ್ಚಿದರು. ಕಿವಿಗೆ ಬಾರದ್ದು ಹಲ್ಲಿಗಾದರೂ ತಾಗೀತೇ ಎಂದು.

ಆಗ ನನಗೆ ಹೊಳೆಯಿತು. ಇವರಿಗೆ ಕೇಳಿಸುತ್ತಿಲ್ಲ. ಈಗ ಎದ್ದು ಬಂದು "ಏನಿಲ್ಲ, ಹೋಗು" ಎಂದುಬಿಟ್ಟರೆ ಹುಡುಗಿ ಬೆಟ್ಟ ಹತ್ತುತ್ತಾಳೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಕೇಳಿಸುತ್ತಿಲ್ಲ ಎಂದು ಒಪ್ಪಿಕೊಂಡರೆ ಕಿವಿ ಮೇಸ್ತ್ರಿ ಎಂಬ ಹೆಸರು ಅಲ್ಲಿಗೆ ಮುಗಿಯಿತು. ನನಗೆ ಸಿಟ್ಟು ಬಂತು.

ಭಾವ ಎದ್ದು ಗೇಟಿನವರೆಗೆ ಹೋದರು, ಬಂದರು, ಮತ್ತೆ ಹೋದರು. ಕೈಯೊರೆಸುವ ಬಟ್ಟೆಯನ್ನು ಒಣಗಿದ್ದರೂ ಹಿಂಡುತ್ತಿದ್ದರು. ಕೊನೆಗೆ ಮಗಳ ಮುಂದೆ ಬಂದು ನಿಂತರು.

"ನನಗೆ ಕೇಳಿಸ್ತಿಲ್ಲ ಮಗಳೇ. ಇದೊಂದೇ ಅಲ್ಲ, ಯಾವ್ದೂ ಸರಿಯಾಗಿ ಕೇಳ್ಸಲ್ಲ. ನೀನೇ ಕೇಳಿ ಹೇಳು."

ಅವಳು ಅವರ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದಳು. "ಫೋರ್ ವೀಲ್ ಹಾಕಿದ್ರೆ ಮಾತ್ರ ಬರುತ್ತೆ ಅಪ್ಪ. ಗಟ್ಟಿ ನೆಲದಲ್ಲಿ ಹೋಗ್ತಾ ಹೋಗ್ತಾ ಜಾಸ್ತಿ ಆಗುತ್ತೆ. ಕೆಸರಲ್ಲಿ ಇರಲ್ಲ."

"ಹಿಂದಕ್ಕೆ ತಗೊಂಡ್ರೆ?"

"ಸ್ವಲ್ಪ ಹಿಂದೆ ಬಂದ್ರೆ ನಿಂತುಹೋಗುತ್ತೆ."

ಭಾವ ಗೇರ್ ಬಾಕ್ಸಿನ ಕಡೆ ನೋಡಲೇ ಇಲ್ಲ. ಒಂದು ಹಗ್ಗ ತಂದು ಹಿಂದಿನ ಟೈರಿಗೆ ಸುತ್ತಿ, ತುದಿ ಕೂಡುವಲ್ಲಿ ಕತ್ತರಿಸಿದರು. ಅದೇ ಹಗ್ಗ ಮುಂದಿನ ಟೈರಿಗೆ ನಾಲ್ಕು ಬೆರಳು ಸಾಲಲಿಲ್ಲ. ಮುಂದಿನವೆರಡೂ ಹೊಸವು. ಮಗಳ ಕೈಯಲ್ಲಿ ಸ್ಟೀರಿಂಗು ಗಟ್ಟಿಯಾಗಿ ನಿಲ್ಲಲಿ ಎಂದು ಮೊನ್ನೆ ತಾವೇ ಮುತುವರ್ಜಿಯಿಂದ ಹಾಕಿದ್ದು. ಮುಂದಿನ ಚಕ್ರ ದೊಡ್ಡದು, ಹಿಂದಿನದು ಸವೆದು ಚಿಕ್ಕದು. ಫೋರ್ ವೀಲ್ ಹಾಕಿ ಎರಡನ್ನೂ ಒಂದೇ ಸಮ ತಿರುಗಿಸಿದರೆ ಅವನ್ನು ಕೂಡಿಸುವ ನಡುವಿನ ಶಾಫ್ಟು ತಿರುಚಿಕೊಂಡು ಗೋಳಾಡದೆ ಇನ್ನೇನು ಮಾಡೀತು? ಕೆಸರಿನಲ್ಲಾದರೆ ಚಕ್ರ ಜಾರಿ, ಹಿಂದೆ ಬಂದರೆ ಉಲ್ಟಾ ತಿರುಗಿ, ಆ ತಿರುಚು ಬಿಡುತ್ತಿತ್ತು. ಲೋಡು ಹೊತ್ತು ಹತ್ತಿದ್ದರೆ ನಡುದಾರಿಯಲ್ಲೇ ಮುರಿಯುತ್ತಿತ್ತೇನೋ.

"ಮೇಲಕ್ಕೇಳೋ," ಎಂದರು ನನಗೆ. ನಾನು ಅಲ್ಲಿಯವರೆಗೂ ಕೂತಿದ್ದು ಮೊನ್ನೆ ಅವರು ಮುಂದಿನಿಂದ ಬಿಚ್ಚಿಟ್ಟಿದ್ದ ಹಳೇ ಟೈರುಗಳ ಮೇಲೆಯೇ. ಹಿಂದಿನವುಗಳಷ್ಟೇ ಸವೆದಿದ್ದವು, ಆದರೆ ಇನ್ನೂ ಓಡುವಂಥವು. ಅವನ್ನೇ ವಾಪಸು ಹಾಕಿದೆವು. ಮಗಳು ಒಂದು ಸುತ್ತು ಹೊಡೆದು ಬಂದು ತಲೆಯಾಡಿಸಿದಳು. ಸದ್ದಿರಲಿಲ್ಲ.

ನಾನು ಜಗಳಕ್ಕೆ ನಿಂತೆ. "ಇಷ್ಟು ದಿನ ಯಾಕ್ ಮುಚ್ಚಿಟ್ರಿ ಭಾವ? ನಮಗ್ಯಾರಿಗೂ ಗೊತ್ತಾಗ್ಲಿಲ್ವಲ್ಲ."

"ನಿಂಗೆ ಗೊತ್ತಾಗ್ಲಿಲ್ಲ ಮಾವ," ಎಂದಳು ಮಗಳು. "ಗೇಟಲ್ಲಿ ಎಷ್ಟು ಹಾರ್ನ್ ಹೊಡೆದ್ರೂ ಅಪ್ಪ ತಿರುಗ್ತಿರ್ಲಿಲ್ಲ. ಅದಕ್ಕೇ ಲೈಟ್ ಹಾಕೋಕೆ ಶುರು ಮಾಡಿದ್ದು."

ಭಾವ ಅವಳ ತುಟಿಗಳನ್ನೇ ನೋಡುತ್ತಿದ್ದರು. ಅರ್ಥವಾಗಿರಬೇಕು. ಸ್ಪ್ಯಾನರ್ ಹುಡುಕುವವರಂತೆ ಆಚೆ ತಿರುಗಿದರು. ಸ್ಪ್ಯಾನರು ಅವರ ಕೈಯಲ್ಲೇ ಇತ್ತು.

ಮರುದಿನ ಅವಳು ಬೆಟ್ಟಕ್ಕೆ ಹೋದಾಗಿನಿಂದ ಭಾವ ಗೇಟಿಗೂ ಶೆಡ್ಡಿಗೂ ಓಡಾಡಿ ನನ್ನ ತಲೆ ತಿಂದರು. ಇನ್ನೂ ಬಿಸಿಲಿರುವಾಗಲೇ ಟ್ರಕ್ಕು ರಸ್ತೆಯ ತಿರುವಿನಲ್ಲಿ ಕಾಣಿಸಿತು. ಹೆಡ್‌ಲೈಟು ಹೊತ್ತಿ ಆರಿತು. ಭಾವ ಕೈ ಎತ್ತಿದರು, ಆಮೇಲೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಬ್ಯಾಟರಿಯ ಮಾತೆತ್ತಲಿಲ್ಲ.